ಮುದ್ರೆಯಿಲ್ಲದ ಬೆಳ್ಳಿಯ ಸಾಕ್ಷ್ಯ

ಇಷ್ಟಲಿಂಗವಿಡುವ ಹಳೆಯ ಗುಂಡಗಡಗಿಯನ್ನೋ ಸೊಂಟದ ಡಾಬನ್ನೋ ತಿರುವಿ ನೋಡಿ, ಮಾಡಿದವರ ಮುದ್ರೆ ಕಾಣದಿದ್ದರೆ ಅದಕ್ಕೆ ಚರಿತ್ರೆಯೇ ಇಲ್ಲವೆಂದು ಕೈಬಿಡುವವರುಂಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪತ್ತಾರರ, ಅಂದರೆ ಅಕ್ಕಸಾಲಿಗರ, ಕೆಲಸವನ್ನು ಹೀಗೆ ಅಳೆಯುವುದು ಅನ್ಯಾಯ. ಮಾಡುವವನಿಗೂ ಕೊಳ್ಳುವವನಿಗೂ ಪರಿಚಯವಿಲ್ಲದ ಕಡೆ ಮುದ್ರೆ ಬೇಕಾಗುತ್ತದೆ. ಉದಾಹರಣೆಗೆ, ಡಬ್ಲಿನ್ನಿನ ಅಕ್ಕಸಾಲಿಗರ ಸಂಘಕ್ಕೆ 1637ರಲ್ಲಿ ಅರಸನ ಸನ್ನದು ಸಿಕ್ಕಿತು. ಆಮೇಲೆ ಐರ್ಲೆಂಡಿನ ಬೆಳ್ಳಿಯ ಮೇಲೆ ಕಿರೀಟವಿಟ್ಟ ಹಾರ್ಪ್ ವಾದ್ಯದ ಗುರುತು, ಕೆಲಸಗಾರನ ಹೆಸರಿನ ಮೊದಲಕ್ಷರ, ವರ್ಷ ತಿಳಿಸುವ ಅಕ್ಷರ ಬಂದವು. 1730ರಿಂದ ಸುಂಕ ತೆತ್ತ ಗುರುತಾಗಿ ಹೈಬರ್ನಿಯಾ ದೇವಿಯ ಚಿತ್ರವೂ ಸೇರಿತು. ಆದರೆ ಅದೇ ದೇಶದ ಕಾರ್ಕ್ ಊರಿನವರು ಡಬ್ಲಿನ್ನಿನ ದೂರದ ದಾರಿಗೆ ಅಂಜಿ, ತಾವೇ ‘ಸ್ಟರ್ಲಿಂಗ್’ ಎಂದು ಒತ್ತಿ ಮಾರಿದರು. ಅಲ್ಲಿ ನಡೆದದ್ದು ಊರಿನ ಕೆಲಸಗಾರನ ಮೇಲಿನ ನಂಬಿಕೆ.

ನಮ್ಮ ಕಡೆ ಬೆಳ್ಳಿ ತರುತ್ತಿದ್ದವರೇ ಒಡವೆ ಮಾಡಿಸುವವರು. ಎಷ್ಟೋ ಸಲ ಅದು ರೂಪಾಯಿ ನಾಣ್ಯವೇ ಆಗಿರುತ್ತಿತ್ತು. 1835ರಿಂದ 1939ರವರೆಗಿನ ರೂಪಾಯಿಯ ತೂಕ ಒಂದು ತೊಲ, ಅಂದರೆ 180 ಗ್ರೇನ್. ಅದರ 12 ಪಾಲಿನಲ್ಲಿ 11 ಪಾಲು ಬೆಳ್ಳಿ. ನೂರಕ್ಕೆ 91.67 ಆಯಿತು. ಸ್ಟರ್ಲಿಂಗ್ ಬೆಳ್ಳಿ 92.5. ಸರಕಾರದ ಮುದ್ರೆ ಇದ್ದದ್ದು ಮೂಸೆಗೆ ಬಿದ್ದ ನಾಣ್ಯದ ಮೇಲೆ. ಅದು ಕರಗಿತು, ಶುದ್ಧತೆ ಉಳಿಯಿತು. ‘ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆಯೇ ಇದೆಯಲ್ಲ, ತಾಮ್ರ ಬೆರೆಸಿದರೆ ಕೇಳುವವರಾರು ಎಂದು ಯಾರಾದರೂ ಕೇಳಬಹುದು. ಸಂಶಯ ಸುಳ್ಳಲ್ಲ. ಅದಕ್ಕೇ ಮನೆಯವರು ಅಗ್ಗಿಷ್ಟಿಗೆಯ ಎದುರು ಕೂತು ಮಾಡಿಸುತ್ತಿದ್ದರು, ಮೊದಲೊಮ್ಮೆ ಕಡೆಗೊಮ್ಮೆ ತೂಗುತ್ತಿದ್ದರು. ಮುದ್ರೆ ಇದ್ದಲ್ಲಿ ಮೋಸ ನಿಂತಿತೇ? 18ನೇ ಶತಮಾನದ ಇಂಗ್ಲೆಂಡಿನಲ್ಲಿ ಸುಂಕ ತಪ್ಪಿಸಲು ಸಣ್ಣ ವಸ್ತುವಿನ ಮುದ್ರೆಯನ್ನು ಕತ್ತರಿಸಿ ದೊಡ್ಡದಕ್ಕೆ ಬೆಸೆದವರಿದ್ದರು.

ಮುದ್ರೆ ಮಾಡಿದವನನ್ನೇ ತೋರಿಸುತ್ತದೆಂಬ ಮಾತೂ ಪೂರ್ತಿ ನಿಜವಲ್ಲ. ಮದರಾಸಿನ ಪಿ. ಆರ್ ಅಂಡ್ ಸನ್ಸ್, ಬೆಂಗಳೂರಿನ ಬಾರ್ಟನ್ ಕಂಪನಿಗಳ ಹೆಸರು ಹೊತ್ತ ಪಾತ್ರೆಗಳಲ್ಲಿ ಓದಲು ಸಿಗುವುದು ಅಂಗಡಿಯ ಹೆಸರು. ಸುತ್ತಿಗೆ ಹಿಡಿದ ದೇಶೀ ಕೆಲಸಗಾರನದಲ್ಲ. ನಮ್ಮ ಬೆಳ್ಳಿಯ ಮೇಲೆ ಕೊರೆಸಿರುವುದು ಬಹುತೇಕ ಒಡೆಯರ ಇಲ್ಲವೇ ದೇವರಿಗೆ ಕೊಟ್ಟವರ ಹೆಸರು. ಆ ಹೆಸರು, ಬೆಸುಗೆಯ ರೀತಿ, ಸವೆತ, ಪತ್ತಾರ ಮನೆತನದ ನೆನಪು, ಇವನ್ನು ಕೂಡಿಸಿ ಓದಿದರೆ ಊರನ್ನೂ ತಲೆಮಾರನ್ನೂ ಊಹಿಸಬಹುದು, ಅದಕ್ಕಿಂತ ಮುಂದೆ ಹೋಗಬಾರದು. 1824ರ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಾಗ ಸಂಸ್ಥಾನದ ಸಂಪತ್ತು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಆದ್ದರಿಂದ ಮುದ್ರೆಯೂ ದಾಖಲೆಯೂ ಇಲ್ಲದ ಪಾತ್ರೆಯನ್ನು ಚೆನ್ನಮ್ಮನ ಅರಮನೆಯದೆಂದು ಮಾರುವವರನ್ನು ನಂಬಬೇಡಿ.

2005ರಿಂದ ಬೆಳ್ಳಿಗೂ ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ಇದೆ. ಅದರ ಭರವಸೆಯಲ್ಲಿ ಅಜ್ಜಿಯ ಕಾಲ್ಗಡಗವನ್ನು ಮುರಿಸಿ ಹೊಸದು ಕೊಳ್ಳುವವರು ಮೊದಲು ಅದನ್ನು ತೂಗಿ, ಫೋಟೋ ತೆಗೆದು, ಯಾರು ಮಾಡಿಸಿದ್ದು, ಯಾವ ಊರಿನ ಪತ್ತಾರ ಮಾಡಿದ್ದು ಎಂದು ಹಿರಿಯರನ್ನು ಕೇಳಿ ಬರೆದಿಡಲಿ.