ಚಿಕ್ಕಬಳ್ಳಾಪುರ ಸೀಮೆಯಲ್ಲಿ ಎಳೆಯರ ನೀತಿಕಥೆಗಳ ಚರಿತ್ರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಇನ್ನೂ ಶಾಲೆಗೆ ಸೇರದ ಮಕ್ಕಳಿಗೆ ಕಥೆಯ ಮೂಲಕ ನಡತೆ ಕಲಿಸುವ ಪದ್ಧತಿ ಮೂರು ಘಟ್ಟಗಳನ್ನು ದಾಟಿ ಬಂದಿದೆ. ಮೊದಲನೆಯದು ಮನೆ ಮತ್ತು ಊರಿನ ಬಾಯಿಮಾತಿನ ಕಥೆ. ಎರಡನೆಯದು ಕೂಲಿಮಠದ ಪದ್ಯ ಮತ್ತು ಸರ್ಕಾರಿ ಶಾಲೆಯ ಪಾಠ. ಮೂರನೆಯದು ಅಂಗನವಾಡಿ. ಈ ಅವಧಿಯಲ್ಲಿ ಕಥೆಗಳೇ ಅಷ್ಟಾಗಿ ಬದಲಾಗಿಲ್ಲ. ಅವನ್ನು ಹೇಳುವವರು ಯಾರು, ಯಾವ ಭಾಷೆಯಲ್ಲಿ ಹೇಳುತ್ತಾರೆ, ನೀತಿಯನ್ನು ಕಥೆಯ ಒಳಗೇ ಬಿಡುತ್ತಾರೋ ಕೊನೆಗೆ ಬಿಡಿಸಿ ಹೇಳುತ್ತಾರೋ ಎಂಬುದು ಬದಲಾಗಿದೆ.

2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ನಾಲ್ಕೂ ತಾಲ್ಲೂಕುಗಳು ಕೋಲಾರ ಜಿಲ್ಲೆಗೆ ಸೇರಿದ್ದವು. ಆಂಧ್ರದ ಗಡಿಗೆ ಹತ್ತಿರವಿರುವ ಈ ಸೀಮೆಯ ಅನೇಕ ಹಳ್ಳಿಗಳಲ್ಲಿ ಮನೆಮಾತು ತೆಲುಗು; ಶಾಲೆ ಮತ್ತು ಕಚೇರಿಯ ಭಾಷೆ ಕನ್ನಡ; ಶಿಡ್ಲಘಟ್ಟ, ಚಿಂತಾಮಣಿ ಪೇಟೆಗಳ ಬಹಳಷ್ಟು ಮನೆಗಳಲ್ಲಿ ಉರ್ದು. ಮಗು ಕಥೆ ಕೇಳುವುದು ಒಂದು ಭಾಷೆಯಲ್ಲಿ, ಓದಲು ಕಲಿಯುವುದು ಇನ್ನೊಂದರಲ್ಲಿ ಎಂಬ ಸ್ಥಿತಿ ಇಲ್ಲಿ ಹಳೆಯದು.

ಸ್ಥಳಕ್ಕೆ ಅಂಟಿದ ಕಥೆಗಳು

ಈ ಸೀಮೆಯ ಮಕ್ಕಳಿಗೆ ಮಹಾಭಾರತ ದೂರದ ಹಸ್ತಿನಾವತಿಯ ಕಥೆಯಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ ಎಂಬುದು ಸ್ಥಳೀಯರ ನಂಬಿಕೆ. ಪಾಂಡವರು ವೇಷ ಮರೆಸಿಕೊಂಡು ಒಬ್ಬ ಬ್ರಾಹ್ಮಣನ ಮನೆಯಲ್ಲಿ ಇದ್ದದ್ದು, ಊರಿನವರು ಸರದಿಯ ಮೇಲೆ ಬಕಾಸುರನಿಗೆ ಬಂಡಿ ಅನ್ನವನ್ನೂ ಒಬ್ಬ ಮನುಷ್ಯನನ್ನೂ ಕಳಿಸುತ್ತಿದ್ದದ್ದು, ಆಶ್ರಯ ಕೊಟ್ಟ ಮನೆಯ ಸರದಿ ಬಂದಾಗ ಕುಂತಿ ಭೀಮನನ್ನು ಕಳಿಸಿದ್ದು ಎಲ್ಲವೂ ಇಲ್ಲಿಯೇ ನಡೆಯಿತೆಂದು ಹೇಳುತ್ತಾರೆ. ಭೀಮನು ಬಕನನ್ನು ಕೊಂದನೆನ್ನುವ ಬೆಟ್ಟವನ್ನು ತೋರಿಸುತ್ತಾರೆ. ಭೀಮನ ಹೆಸರಿನ ಲಿಂಗವಿರುವ ದೇವಸ್ಥಾನವೂ ಊರಿನಲ್ಲಿದೆ. ಮೂರು ನಾಲ್ಕು ವರ್ಷದ ಮಗುವಿಗೆ ಈ ಕಥೆಯಲ್ಲಿ ಮೊದಲು ಹಿಡಿಸುವುದು ಬಂಡಿ ತುಂಬ ಅನ್ನ ಮತ್ತು ಅದನ್ನೆಲ್ಲ ದಾರಿಯಲ್ಲೇ ಉಣ್ಣುವ ಭೀಮ. ಅನ್ನ ಹಾಕಿದ ಮನೆಯ ಋಣ ತೀರಿಸಬೇಕು, ಬಲ ಇರುವವನು ಇಲ್ಲದವನ ಪರ ನಿಲ್ಲಬೇಕು ಎಂಬ ಮಾತನ್ನು ಯಾರೂ ಬೇರೆಯಾಗಿ ಹೇಳುವುದಿಲ್ಲ. ಅದು ನಡೆದ ಸಂಗತಿಯಲ್ಲೇ ಇದೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಇದೇ ಬಗೆಯ ಇನ್ನೊಂದು ಸ್ಥಳ. ಕುರುಕ್ಷೇತ್ರದ ಯುದ್ಧದ ನಂತರ ದುಃಖದಲ್ಲಿದ್ದ ವಿದುರ ಇಲ್ಲಿ ಅಶ್ವತ್ಥದ ಸಸಿ ನೆಟ್ಟನೆಂದು ಐತಿಹ್ಯ. ಹೆಚ್ಚು ಕಾಲ ಬಾಳಿದ ಆ ಹಳೆಯ ಮರ 2001ರಲ್ಲಿ ಉರುಳಿತು; ಸುತ್ತ ಹರಕೆಯ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಮರ ಕಡಿಯಬಾರದು, ಹಾವಿಗೆ ಕಲ್ಲೆಸೆಯಬಾರದು ಎಂಬ ಎರಡು ವಿಧಿಗಳು ಈ ಭಾಗದ ಮಕ್ಕಳಿಗೆ ಪೂಜೆಯ ಜೊತೆಯಲ್ಲೇ ಕಿವಿಗೆ ಬಿದ್ದವು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಮೇಲೆ ಅದೇ ಸ್ಥಳಕ್ಕೆ ಸ್ವಾತಂತ್ರ್ಯ ಹೋರಾಟದ ಕಥೆಯೂ ಸೇರಿಕೊಂಡಿತು.

ಚಿಕ್ಕಬಳ್ಳಾಪುರ ಪಟ್ಟಣದ ಹುಟ್ಟಿನ ಕಥೆಯಲ್ಲಿರುವುದು ಒಂದು ಮೊಲ. ಆವತಿಯ ಪಾಳೆಯಗಾರರು ಕೋಡಿಮಂಚನಹಳ್ಳಿಯ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಗ ಮೊಲವೊಂದು ಬೇಟೆನಾಯಿಗಳಿಗೆ ಹೆದರದೆ ಎದುರು ನಿಂತಿತು. ಈ ನೆಲದ ಗುಣವೇ ಅಂಥದ್ದು ಎಂದು ಬಗೆದು ಅವರು ವಿಜಯನಗರದ ಅರಸರ ಅಪ್ಪಣೆ ಪಡೆದು ಅಲ್ಲಿ ಕೋಟೆ ಕಟ್ಟಿಸಿದರು. ಮೊಲ ನಾಯಿಯನ್ನು ಅಟ್ಟಿದ ಕಥೆ ದಕ್ಷಿಣ ಭಾರತದ ಹಲವು ಊರುಗಳ ಬಗ್ಗೆ ಇದೆ; ಇತಿಹಾಸವಾಗಿ ಅದರ ಬೆಲೆ ಕಡಿಮೆ. ಎಳೆಯರ ಕಥೆಯಾಗಿ ಅದಕ್ಕೆ ಬೇಕಾದದ್ದೆಲ್ಲ ಇದೆ: ಒಂದೇ ಘಟನೆ, ಗುರುತಿರುವ ಪ್ರಾಣಿ, ಚಿಕ್ಕದು ದೊಡ್ಡದನ್ನು ಎದುರಿಸುವ ಗಳಿಗೆ.

ಕೈವಾರ ತಾತಯ್ಯನವರ ಕಥೆಗಳು ಇವಕ್ಕಿಂತ ಈಚಿನವು. ಬಳೆ ಮಾರಿ ಜೀವನ ಸಾಗಿಸುತ್ತಿದ್ದ ನಾರೇಯಣಪ್ಪ ಮುಂದೆ ಯೋಗಿ ನಾರೇಯಣ ಯತೀಂದ್ರರೆಂದು ಹೆಸರಾದರು. ತೆಲುಗು, ಕನ್ನಡ ಎರಡರಲ್ಲೂ ತತ್ತ್ವಪದಗಳನ್ನು ರಚಿಸಿದರು. ಗುರು ಕೊಟ್ಟ ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು ಜಪ ಮಾಡುತ್ತ ಕೂತಾಗ ಅದು ಕೊನೆಗೆ ಕಲ್ಲುಸಕ್ಕರೆಯಾಯಿತು ಎಂಬ ಕಥೆ ಈ ಸೀಮೆಯಲ್ಲಿ ಬಹಳ ಪ್ರಸಿದ್ಧ. ತಾಳ್ಮೆಯೆಂಬ ಗುಣವನ್ನು ನಾಲಗೆಯ ರುಚಿಯಿಂದ ಅರ್ಥ ಮಾಡಿಸುವುದರಿಂದ ಅದು ಚಿಕ್ಕ ಮಕ್ಕಳಿಗೂ ತಲುಪುತ್ತದೆ.

ಮನೆಯೊಳಗಿನ ಕಥೆ

ಮನೆಯಲ್ಲಿ ಕಥೆ ಹೇಳುವ ಕೆಲಸ ಹೆಚ್ಚಾಗಿ ಅಜ್ಜಿಯದು. ತೆಲುಗು ಮನೆಗಳಲ್ಲಿ ಅಜ್ಜಿಗೆ ಅವ್ವ ಎನ್ನುತ್ತಾರೆ. ರೇಷ್ಮೆಯ ಕಸುಬು ಹರಡಿದ ಊರುಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತು. ಹುಳು ಕೊನೆಯ ಸಲ ಪೊರೆ ಬಿಡುವ ‘ಜ್ವರ’ದಿಂದ ಎದ್ದ ಮೇಲೆ ಅದಕ್ಕೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಆ ದಿನಗಳಲ್ಲಿ ತಾಯಿತಂದೆಗೆ ಬಿಡುವಿರದೆ ಮಕ್ಕಳು ಹಿರಿಯರ ಪಾಲಿಗೆ ಬೀಳುತ್ತಿದ್ದರು.

ಕನ್ನಡ ನಾಡಿನ ಎಲ್ಲ ಕಡೆಯಂತೆ ಇಲ್ಲಿಯೂ ಎಳೆಯರಿಗೆ ಮೊದಲು ಹೇಳುವ ಕಥೆಗಳಲ್ಲಿ ಕಾಗಕ್ಕ–ಗುಬ್ಬಕ್ಕನದು ಒಂದು. ಮಳೆಗೆ ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಗಟ್ಟಿ ಮನೆಯ ಗುಬ್ಬಕ್ಕನ ಬಾಗಿಲು ತಟ್ಟಿದರೆ ಗುಬ್ಬಕ್ಕ ಒಂದಲ್ಲ ಒಂದು ನೆಪ ಹೇಳಿ ಕಾಯಿಸುತ್ತದೆ. ಮುಂದೆ ಏನಾಗುತ್ತದೆ ಎಂಬುದು ಹೇಳುವವರಿಗೆ ಬಿಟ್ಟದ್ದು. ಕೆಲವರ ಬಾಯಲ್ಲಿ ಕಾಗಕ್ಕ ಸೋಮಾರಿತನಕ್ಕೆ ತಕ್ಕ ಫಲ ಉಣ್ಣುತ್ತದೆ. ಕೆಲವರ ಬಾಯಲ್ಲಿ ಗುಬ್ಬಕ್ಕನ ಕಲ್ಲುಮನಸ್ಸೇ ಎದ್ದು ಕಾಣುತ್ತದೆ. ಮುದ್ರಿತ ಪಾಠಕ್ಕಿಲ್ಲದ ಈ ಸಡಿಲಿಕೆ ಬಾಯಿಮಾತಿನ ಕಥೆಗೆ ಇತ್ತು. ಅಂದು ಮಗು ಮಾಡಿದ ತಂಟೆಗೆ ತಕ್ಕಂತೆ ಅಜ್ಜಿ ಕಥೆಯನ್ನು ತಿರುಗಿಸಬಹುದಿತ್ತು.

ಪುಣ್ಯಕೋಟಿಯ ಗೋವಿನ ಹಾಡು ಇದಕ್ಕೆ ವಿರುದ್ಧ ತುದಿಯದು. ಅದರ ಕೊನೆಯನ್ನು ಯಾರೂ ಬದಲಿಸುವುದಿಲ್ಲ. ಹುಲಿಗೆ ಕೊಟ್ಟ ಮಾತಿನಂತೆ ಹಸು ಕರುವನ್ನು ಬಿಟ್ಟು ಮರಳಿ ಬರುತ್ತದೆ. ಸತ್ಯಕ್ಕೆ ಸೋತ ಹುಲಿ ಪ್ರಾಣ ಬಿಡುತ್ತದೆ. ಜನಪದರ ಬಾಯಿಂದ ಬಂದ ಈ ಹಾಡು ಶಾಲೆಯ ಪುಸ್ತಕಕ್ಕೂ ಏರಿ, ಮನೆಗೂ ಶಾಲೆಗೂ ಸಮಾನವಾದ ಕೆಲವೇ ಕಥೆಗಳಲ್ಲಿ ಒಂದಾಯಿತು.

ಪಂಚತಂತ್ರದ ಕಥೆಗಳು ಕನ್ನಡಕ್ಕೆ ಬಂದು ಸಾವಿರ ವರ್ಷವಾಗುತ್ತಿದೆ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 1031ರ ಸುಮಾರಿಗೆ, ವಸುಭಾಗನ ಪಾಠವನ್ನು ಆಧರಿಸಿ ತನ್ನ ಚಂಪೂ ಕೃತಿಯನ್ನು ಬರೆದ. ಅದು ರಾಜನೀತಿಯ ಗ್ರಂಥ, ಮಕ್ಕಳಿಗೆಂದು ಬರೆದದ್ದಲ್ಲ. ಆದರೆ ಕೋತಿ–ಮೊಸಳೆ, ಸಿಂಹ–ಮೊಲದಂಥ ಬಿಡಿ ಕಥೆಗಳು ಪುಸ್ತಕದ ಹಂಗಿಲ್ಲದೆ ಮನೆಮನೆಯಲ್ಲೂ ಉಳಿದವು. ಇವುಗಳಲ್ಲಿ ಹಲವು ಕಲಿಸುವುದು ಸದ್ಗುಣಕ್ಕಿಂತ ಹೆಚ್ಚಾಗಿ ಜಾಣತನವನ್ನು. ಕೋತಿ ಬದುಕುವುದು ಸುಳ್ಳು ಹೇಳಿ. ನೀತಿಕಥೆಗಳೆಂದು ಒಂದೇ ಗಂಟಿನಲ್ಲಿ ಕಟ್ಟುವಾಗ ಈ ವ್ಯತ್ಯಾಸ ಮರೆಯಾಗುತ್ತದೆ.

ಕೂಲಿಮಠದ ಶತಕಗಳು

ಸರ್ಕಾರಿ ಶಾಲೆ ಬರುವ ಮೊದಲು ಅಕ್ಷರ ಕಲಿಸುತ್ತಿದ್ದುದು ಕೂಲಿಮಠಗಳು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಕಾಗುಣಿತದ ಜೊತೆ ನೀತಿಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ಕನ್ನಡದ ಮಠಗಳಲ್ಲಿ ಸೋಮೇಶ್ವರ ಶತಕಕ್ಕೆ ಈ ಸ್ಥಾನವಿತ್ತು. ತೆಲುಗು ಬಲ್ಲ ಮನೆಗಳಲ್ಲಿ ವೇಮನ ಮತ್ತು ಸುಮತಿ ಶತಕಗಳು ಅದೇ ಕೆಲಸ ಮಾಡಿದವು. ವೇಮನನ ಪದ್ಯಗಳು ಬಹುತೇಕ ಒಂದೇ ಅಂಕಿತದ ಸಾಲಿನಿಂದ ಮುಗಿಯುವುದರಿಂದ, ಅಣ್ಣ ಅಕ್ಕಂದಿರು ಉರುಹೊಡೆಯುವಾಗ ಪಕ್ಕದಲ್ಲಿ ಕೂತ ಎಳೆಯ ಮಗುವೂ ಕೊನೆಯ ಸಾಲಿಗೆ ದನಿಗೂಡಿಸಬಹುದಿತ್ತು. 1829ರಲ್ಲಿ ಸಿ. ಪಿ. ಬ್ರೌನ್ ವೇಮನನ ಪದ್ಯಗಳನ್ನು ಅಚ್ಚು ಹಾಕಿಸುವ ಮೊದಲೇ ಅವು ಹೀಗೆ ಬಾಯಿಂದ ಬಾಯಿಗೆ ಹರಡಿದ್ದವು.

ಈ ಪದ್ಧತಿಯಲ್ಲಿ ಕಥೆ ಹಿಂದೆ ಸರಿದು ನೀತಿ ಮುಂದೆ ಬಂತು. ಅರ್ಥ ಆಮೇಲೆ ತಿಳಿಯುತ್ತದೆ, ಮೊದಲು ನಾಲಗೆಗೆ ಬರಲಿ ಎಂಬುದು ಮಠದ ಅಯ್ಯಗಳ ನಿಲುವು.

ಅಚ್ಚಿನ ಕಾಲ

ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂದ ಮೇಲೆ ಹಳ್ಳಿಗಾಡಿಗೂ ಕನ್ನಡದ ಅಚ್ಚಾದ ಪಾಠಪುಸ್ತಕ ತಲುಪತೊಡಗಿತು. ಈಸೋಪನ ಕಥೆಗಳೂ ಪಂಚತಂತ್ರದ ಕಥೆಗಳೂ ಒಂದೇ ಪುಟಗಳಲ್ಲಿ ಕೂಡಿದವು. ಕಥೆ ಮುಗಿದ ಮೇಲೆ ‘ನೀತಿ’ ಎಂದು ಬೇರೆ ಸಾಲು ಹಾಕುವ ರೂಢಿ ಪಾಠಪುಸ್ತಕಗಳಿಂದಲೇ ಬಲವಾಯಿತು. ಪರೀಕ್ಷೆಗೆ ಅದು ಅನುಕೂಲ: ಶಿಕ್ಷಕರು ಆ ಸಾಲನ್ನು ಕೇಳಬಹುದು, ಮಗು ಒಪ್ಪಿಸಬಹುದು.

ಇದನ್ನು ಸಡಿಲಿಸಿದವರು 20ನೆಯ ಶತಮಾನದ ಶಿಶುಸಾಹಿತಿಗಳು. ಮಂಗಳೂರು ಕಡೆಯಲ್ಲಿ ಪಂಜೆ ಮಂಗೇಶರಾಯರು ಆಟ, ಲಯ, ನಗೆಗೆ ಮೊದಲ ಜಾಗ ಕೊಟ್ಟರು. ಹಳೇ ಮೈಸೂರಿನಲ್ಲಿ ಹೊಯ್ಸಳ ಮತ್ತು ಜಿ. ಪಿ. ರಾಜರತ್ನಂ ಶಾಲೆಗೆ ಹೋಗದ ಮಕ್ಕಳೂ ಹಾಡಬಹುದಾದ ಪದ್ಯಗಳನ್ನು ಬರೆದರು. ರಾಜರತ್ನಂ ಅವರ ‘ತುತ್ತೂರಿ’ಯಲ್ಲಿ ಜಂಬದ ಹುಡುಗನ ಬಣ್ಣದ ತುತ್ತೂರಿ ಕೊಳದ ನೀರಿಗೆ ಬಿದ್ದು ಬಣ್ಣ ಕಳೆದುಕೊಳ್ಳುತ್ತದೆ. ಜಂಬ ಪಡಬಾರದೆಂಬ ನೀತಿ ಅಲ್ಲಿಯೂ ಇದೆ; ಆದರೆ ಮಗು ಅದನ್ನು ಉಪದೇಶವಾಗಿ ಕೇಳುವುದಿಲ್ಲ, ನಗುತ್ತ ಹಾಡುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕೊಟ್ಟ ಮಾತಿಗೆ ತಪ್ಪುವ ದೊಡ್ಡವರ ಕಥೆ. ನೀತಿಪಾಠ ಅಲ್ಲಿ ಮಕ್ಕಳಿಗಿಂತ ಹಿರಿಯರಿಗೆ ಸಲ್ಲುತ್ತದೆ.

1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಹೊರಟ ‘ಚಂದಮಾಮ’ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂತು. ಎರಡು ಭಾಷೆಯ ಈ ಸೀಮೆಗೆ ಅದು ಹೇಳಿ ಮಾಡಿಸಿದಂತಿತ್ತು. ಅದೇ ಬೇತಾಳನ ಕಥೆಯನ್ನು ಮನೆಯ ಹಿರಿಯರು ತೆಲುಗಿನಲ್ಲೂ ಶಾಲೆಯ ಮಕ್ಕಳು ಕನ್ನಡದಲ್ಲೂ ಓದಬಹುದಿತ್ತು. ಓದು ಬಾರದ ಎಳೆಯರಿಗೆ ಚಿತ್ರಗಳಿದ್ದವು. 1970ರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರತಂದ ‘ಭಾರತ ಭಾರತಿ’ ಪುಸ್ತಕಮಾಲೆ ಮಹಾಪುರುಷರ ಬದುಕನ್ನು ಕಿರುಪುಸ್ತಕಗಳಾಗಿಸಿ ಮನೆಗಳಿಗೂ ಶಾಲೆಗಳಿಗೂ ಮುಟ್ಟಿಸಿತು.

ವ್ಯಕ್ತಿಚಿತ್ರದ ಈ ಬಗೆಗೆ ಜಿಲ್ಲೆಯಲ್ಲೇ ವಸ್ತು ಇತ್ತು. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಹೇಳುವ ಎರಡು ಮೇಣದಬತ್ತಿಯ ಕಥೆ, ಅಂದರೆ ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ ಎಂಬುದು, ಪ್ರಾಮಾಣಿಕತೆಯನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಓದುವ ಆಸೆಯಿಂದ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈ ಸೀಮೆಯಲ್ಲಿ ನ್ಯಾಷನಲ್ ಶಿಕ್ಷಣ ಸಂಸ್ಥೆಗಳನ್ನು ಬೆಳೆಸಿದ ಅವರು, ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಕೊನೆಯವರೆಗೂ ಹೇಳಿದರು. ಹೇಳಿದ್ದನ್ನು ಕೇಳುವುದೇ ಒಳ್ಳೆಯ ಮಗುವಿನ ಲಕ್ಷಣ ಎಂಬ ಹಳೆಯ ನೀತಿಪಾಠಕ್ಕೆ ಅದು ಬೇಕಾದ ತಿದ್ದುಪಡಿಯಾಗಿತ್ತು.

ಅಂಗನವಾಡಿಯ ಕಥೆ

ಮೇಲಿನ ಪುಸ್ತಕಗಳಲ್ಲಿ ಹೆಚ್ಚಿನವು ಓದಬಲ್ಲ ಮಕ್ಕಳಿಗಾಗಿ. ಮೂರರಿಂದ ಆರು ವರ್ಷದವರನ್ನೇ ಗುರಿಯಾಗಿಟ್ಟ ವ್ಯವಸ್ಥೆ ಹಳ್ಳಿಗಳಿಗೆ ಬಂದದ್ದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅದು ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಕ್ರಮೇಣ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹಬ್ಬಿತು. ಪೌಷ್ಟಿಕ ಆಹಾರ ಮತ್ತು ಚುಚ್ಚುಮದ್ದಿನ ಜೊತೆ ಶಾಲಾಪೂರ್ವ ಶಿಕ್ಷಣವೂ ಅಂಗನವಾಡಿ ಕಾರ್ಯಕರ್ತೆಯ ಹೊಣೆ. ಕಥೆ, ಅಭಿನಯಗೀತೆ, ಆಟಗಳಿರುವ ‘ಚಿಲಿಪಿಲಿ’ ಕೈಪಿಡಿ ಅವರಿಗೆ ನೆರವಾಗಿ ಬಂತು.

ಇಲ್ಲಿ ನೀತಿ ಮತ್ತೆ ಕಥೆಯ ಒಳಗೆ, ಜೊತೆಗೆ ದಿನಚರಿಯ ಒಳಗೆ ಸೇರಿತು. ಊಟಕ್ಕೆ ಮುಂಚೆ ಕೈ ತೊಳೆಯುವುದು, ಸಾಲಿನಲ್ಲಿ ಕಾಯುವುದು, ಆಟಿಕೆಯನ್ನು ಇನ್ನೊಬ್ಬರಿಗೂ ಕೊಡುವುದು ಕಥೆಯಲ್ಲಿ ಕೇಳಿದ ದಿನವೇ ಮಾಡಿ ನೋಡಬಹುದಾದ ಸಂಗತಿಗಳು. ಬೇರೆ ಬೇರೆ ಜಾತಿ, ಮನೆಮಾತಿನ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಉಣ್ಣುವುದು ಯಾವ ಪುಸ್ತಕದಲ್ಲೂ ಸಿಗದ ಪಾಠ. ಭಾಷೆಯ ತೊಡಕು ಮಾತ್ರ ಹಾಗೆಯೇ ಉಳಿಯಿತು: ತೆಲುಗು ಅಥವಾ ಉರ್ದು ಮಾತಾಡುವ ಮಗು ಕನ್ನಡದ ಕಥೆಯನ್ನು ಮೊದಲ ಸಲ ಕೇಳುವುದು ಇಲ್ಲಿಯೇ.

ಪದ್ಧತಿಯ ಪರೀಕ್ಷೆ

ಕಥೆಯಿಂದ ನೀತಿ ಎಷ್ಟು ಹತ್ತುತ್ತದೆ ಎಂಬ ಪ್ರಶ್ನೆಯನ್ನು ಶಿಕ್ಷಣತಜ್ಞರು ಬಹುಕಾಲದಿಂದ ಕೇಳುತ್ತಿದ್ದಾರೆ. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ, ಉಪದೇಶಕ್ಕೆಂದೇ ಕಥೆ ಹೇಳಿದರೆ ಕಥೆ ಕೆಡುತ್ತದೆಂದು ನಂಬಿದ್ದರು. 1932ರಲ್ಲಿ ಜೀನ್ ಪಿಯಾಜೆ, ಚಿಕ್ಕ ಮಕ್ಕಳು ತಪ್ಪನ್ನು ಅಳೆಯುವುದು ಉದ್ದೇಶದಿಂದಲ್ಲ, ಆದ ಹಾನಿಯ ಪ್ರಮಾಣದಿಂದ ಎಂದು ತೋರಿಸಿದರು. 2014ರ ಒಂದು ಅಧ್ಯಯನದಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ ಸತ್ಯದ ಬಗೆಗಿನ ಕಥೆಗಳನ್ನು ಓದಿ ಹೇಳಲಾಯಿತು. ‘ತೋಳ ಬಂತು’ ಎಂದು ಸುಳ್ಳು ಹೇಳಿದ ಹುಡುಗನಿಗೆ ಶಿಕ್ಷೆಯಾಗುವ ಕಥೆಯಿಂದ ಮಕ್ಕಳ ನಡೆ ಬದಲಾಗಲಿಲ್ಲ. ನಿಜ ಹೇಳಿ ಮೆಚ್ಚುಗೆ ಪಡೆದ ಬಾಲಕ ಜಾರ್ಜ್ ವಾಷಿಂಗ್ಟನ್ನನ ಕಥೆ ಕೇಳಿದವರು ಹೆಚ್ಚಾಗಿ ನಿಜ ಹೇಳಿದರು. 2018ರ ಟೊರಾಂಟೊ ಅಧ್ಯಯನದಲ್ಲಿ, ಹಂಚಿಕೊಳ್ಳುವ ಕಥೆಯ ಪಾತ್ರಗಳು ಮನುಷ್ಯರಾಗಿದ್ದಾಗ ನಾಲ್ಕರಿಂದ ಆರು ವರ್ಷದ ಮಕ್ಕಳು ಹೆಚ್ಚು ಹಂಚಿಕೊಂಡರು. ಮನುಷ್ಯರ ವೇಷದ ಪ್ರಾಣಿಗಳಾಗಿದ್ದಾಗ ಹಾಗಾಗಲಿಲ್ಲ.

ಈ ಫಲಿತಾಂಶಗಳನ್ನು ಸ್ಥಳೀಯ ಕಥೆಗಳ ಮೇಲೆ ಯಾಂತ್ರಿಕವಾಗಿ ಹೇರಲಾಗದು. ಆದರೂ ಅವು ಆಯ್ಕೆಗೆ ದಾರಿ ತೋರುತ್ತವೆ. ಮಾತು ಉಳಿಸಿಕೊಂಡು ಗೆಲ್ಲುವ ಪುಣ್ಯಕೋಟಿ, ಶಿಕ್ಷೆಯ ಹೆದರಿಕೆಯ ಕಥೆಗಿಂತ ಎಳೆಯರಿಗೆ ಹೊಂದುತ್ತದೆ. ಉಂಡ ಮನೆಗೆ ನೆರವಾದ ಕೈವಾರದ ಭೀಮನೂ ಎರಡು ಬತ್ತಿಯ ವಿಶ್ವೇಶ್ವರಯ್ಯನವರೂ ಮನುಷ್ಯರೇ, ಗುರುತಿನ ಊರಿನವರೇ. ಪಂಚತಂತ್ರದ ಜಾಣತನದ ಕಥೆಗಳು ಸ್ವಲ್ಪ ದೊಡ್ಡ ಮಕ್ಕಳಿಗೆ ಉಳಿಯಬಹುದು.

2020ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರಿಗೆ ಮನೆಮಾತಿನಲ್ಲೇ ಕಲಿಕೆ ನಡೆಯಬೇಕು, ಕಥೆ ಮತ್ತು ಆಟ ಅದರ ಮುಖ್ಯ ಸಾಧನವಾಗಬೇಕು ಎಂದಿತು. ಚಿಕ್ಕಬಳ್ಳಾಪುರ ಸೀಮೆಯ ಮಟ್ಟಿಗೆ ಇದರ ಅರ್ಥ, ಅವ್ವ ತೆಲುಗಿನಲ್ಲಿ ಹೇಳುವ ಕಥೆಗೆ ಅಂಗನವಾಡಿಯಲ್ಲಿ ಜಾಗ ಸಿಗಬೇಕು, ಅದೇ ಕಥೆ ಕನ್ನಡದಲ್ಲೂ ಅಲ್ಲಿ ಕೇಳಬೇಕು ಎಂಬುದು.