ಕಾಂಕ್ರೀಟಿಗೆ ನಾರುಪಟ್ಟಿ ಅಂಟಿಸುವಲ್ಲಿ ಅಂಟಿನ ಆಯ್ಕೆ: ತಾಪ, ತೇವ, ಕಾಲ

ಸಾರಾಂಶ: ಕಾರ್ಬನ್ ನಾರಿನ ಪಟ್ಟಿ ಅಂಟಿಸಿ ಕಾಂಕ್ರೀಟನ್ನು ಬಲಪಡಿಸುವಾಗ ಅಂಟನ್ನು ಅದರ ಬಲ ನೋಡಿ ಆರಿಸುವುದುಂಟು. ಒಳ್ಳೆಯ ಎಪಾಕ್ಸಿಯ ಬಲ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಆಯ್ಕೆಯನ್ನು ನಿರ್ಧರಿಸಬೇಕಾದವು ತಾಪ, ತೇವ ಮತ್ತು ಹೊರೆಯ ಅವಧಿ ಎಂಬುದು ಈ ಲೇಖನದ ವಾದ.

1. ಪೀಠಿಕೆ

ಸ್ವಿಟ್ಜರ್ಲೆಂಡಿನ ಲೂಸರ್ನ್ ಬಳಿಯ ಇಬಾಖ್ ಸೇತುವೆಯಲ್ಲಿ ಸಂಚಾರ ದೀಪ ಕೂರಿಸುವ ಕೆಲಸ ನಡೆದಾಗ ಪೂರ್ವಬಿಗಿತದ ತಂತಿಗಳು ತುಂಡಾಗಿದ್ದವು. 1991ರಲ್ಲಿ ಅದರ ಅಡಿಗೆ ಕಾರ್ಬನ್ ಪಟ್ಟಿ ಅಂಟಿಸಿ ದುರಸ್ತಿ ಮಾಡಲಾಯಿತು. 175 ಕಿಲೋ ಉಕ್ಕು ಬೇಕಿದ್ದ ಕಡೆ 6.2 ಕಿಲೋ ಪಟ್ಟಿ ಸಾಕಾಯಿತು. ಇದರ ಹಿಂದೆ ಎಂಪಾ ಸಂಸ್ಥೆಯಲ್ಲಿ ಉರ್ಸ್ ಮಾಯರ್ ಮತ್ತವರ ಸಂಗಡಿಗರು ನಡೆಸಿದ ಸಂಶೋಧನೆಯಿತ್ತು. ಪಟ್ಟಿ ಹೊರುವ ಬಲವೆಲ್ಲ ಒಂದೆರಡು ಮಿಲಿಮೀಟರ್ ದಪ್ಪದ ಅಂಟಿನ ಮೂಲಕವೇ ಕಾಂಕ್ರೀಟಿನಿಂದ ಬರಬೇಕು.

2. ಬಲದ ಲೆಕ್ಕ

ಐಎಸ್ 456:2000ರ ಸೂತ್ರದಂತೆ ಎಂ25 ಕಾಂಕ್ರೀಟಿನ ಬಾಗುವಿಕೆಯ ಕರ್ಷಣ ಬಲ 3.5 ಮೆಗಾಪ್ಯಾಸ್ಕಲ್. ರಚನಾ ಎಪಾಕ್ಸಿಯ ಬಲ ಇದರ ಹಲವು ಪಟ್ಟು. ಹಾಗಾಗಿ ಸರಿಯಾಗಿ ಅಂಟಿದ ಪಟ್ಟಿ ಕಿತ್ತು ಬರುವಾಗ ಅಂಟು ಹರಿಯುವುದಿಲ್ಲ, ಕಾಂಕ್ರೀಟಿನ ಮೇಲ್ಪದರವೇ ಕಳಚುತ್ತದೆ.

ಪುಲ್-ಆಫ್ ಪರೀಕ್ಷೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮೈಗೆ ಅಂಟಿಸಿದ ಲೋಹದ ಬಿಲ್ಲೆಯನ್ನು ಎಳೆದು ಕಿತ್ತು, ಮಗುಚಿ ನೋಡಬೇಕು. ಬೆನ್ನಿನಲ್ಲಿ ಜಲ್ಲಿಚೂರು, ಗಾರೆಯ ಪದರ ಇದ್ದರೆ ಅಂಟು ಗೆದ್ದಿದೆ. ನುಣುಪಾದ ಅಂಟಷ್ಟೇ ಕಂಡರೆ ಮೈಯನ್ನು ಸರಿಯಾಗಿ ಉಜ್ಜಿ ತೊಳೆದಿಲ್ಲ, ಇಲ್ಲವೇ ತೇವವಿತ್ತು. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ (ಎಸಿಐ) 440.2ಆರ್ ಮಾರ್ಗದರ್ಶಿ ಇಲ್ಲಿ ಕನಿಷ್ಠ 1.4 ಮೆಗಾಪ್ಯಾಸ್ಕಲ್ ಕೇಳುತ್ತದೆ.

ಪಾಲಿಯೆಸ್ಟರ್ ರಾಳ ಅಗ್ಗ. ಆದರೆ ಗಟ್ಟಿಯಾಗುವಾಗ ಹೆಚ್ಚು ಕುಗ್ಗುತ್ತದೆ, ಕಾಂಕ್ರೀಟಿನ ಕ್ಷಾರಕ್ಕೂ ಸೋಲುತ್ತದೆ. ಎಪಾಕ್ಸಿಯಲ್ಲೂ ಭೇದವುಂಟು: ಗಟ್ಟಿ ಪಟ್ಟಿಗೆ ತೊಲೆಯಡಿಯಿಂದ ಜಾರದ ದಪ್ಪ ಪೇಸ್ಟು ಬೇಕು, ನಾರಿನ ಬಟ್ಟೆಗೆ ಎಳೆಯೆಳೆಗೂ ಇಳಿಯುವ ತೆಳು ರಾಳ ಬೇಕು. ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು.

3. ತಾಪ

ಪ್ರತಿ ಎಪಾಕ್ಸಿಗೂ ಗಾಜಿನಂಥ ಗಡಸುತನ ಬಿಟ್ಟು ರಬ್ಬರಿನಂತೆ ಮೆದುವಾಗುವ ಒಂದು ತಾಪವಿದೆ. ಕೆಲಸದ ಸ್ಥಳದಲ್ಲೇ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಅದು ಸಾಮಾನ್ಯವಾಗಿ 60ರಿಂದ 82 ಡಿಗ್ರಿ ಸೆಲ್ಸಿಯಸ್. ಬಳಕೆಯ ತಾಪ ಅದಕ್ಕಿಂತ 15 ಡಿಗ್ರಿಯಷ್ಟು ಕೆಳಗಿರಬೇಕೆಂಬುದು ಎಸಿಐ ಸಲಹೆ. ಮೆದುವಾಗುವ ತಾಪ 60 ಇದ್ದರೆ ಬಳಕೆಯ ಮಿತಿ 45. ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯೇ 40 ದಾಟುತ್ತದೆ. ಬಿಸಿಲು ಬಿದ್ದ ಚಪ್ಪಡಿಯ ಮೈ ಅದಕ್ಕಿಂತ ಬಿಸಿ. ಸೇತುವೆಯಡಿಯ ನೆರಳಿಗೆ ಒಪ್ಪುವ ಅಂಟು ಬಾಲ್ಕನಿಯ ಮೇಲ್ಮೈಗೆ ಒಪ್ಪಲಾರದು. ಬೆಂಕಿಯಲ್ಲಂತೂ ಪಟ್ಟಿಯ ನೆರವನ್ನು ಲೆಕ್ಕಕ್ಕೇ ಹಿಡಿಯಬಾರದು.

ಸೆಕೆ ಕಲಸುವಾಗಲೂ ಕಾಡುತ್ತದೆ. ರಾಳ, ಹಾರ್ಡನರ್ ಎರಡೂ ಬೆರೆತು ಗೆರೆಯಿಲ್ಲದ ಒಂದೇ ಬಣ್ಣ ಬರಬೇಕು. ಬಕೆಟ್ಟಿನಲ್ಲೇ ಬಿಟ್ಟರೆ ತನ್ನ ಕಾವಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ತಾಪ 10 ಡಿಗ್ರಿ ಏರಿದರೆ ಕೈಗೆ ಸಿಗುವ ವೇಳೆ ಸುಮಾರು ಅರ್ಧವಾಗುತ್ತದೆ.

4. ತೇವ

ಎಪಾಕ್ಸಿ ನೀರು ಹೀರಿ ಮೆದುವಾಗುತ್ತದೆ, ಮೆದುವಾಗುವ ತಾಪವೂ ಇಳಿಯುತ್ತದೆ. ಆಗ ಸೋಲು ಕಾಂಕ್ರೀಟಿನಿಂದ ಅಂಟಿನ ಅಂಚಿಗೆ ಸರಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮೈಯ ತಾಪ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿದೆಯೇ ಎಂದು ಅಳೆಯದೆ ಅಂಟು ಹಚ್ಚಬಾರದು. ಒಣಗಲಾರದ ಅಥವಾ ಅತಿ ಬಿಸಿಯ ಜಾಗಕ್ಕೆ ಸಿಮೆಂಟ್ ಗಾರೆಯಲ್ಲಿ ನಾರಿನ ಜಾಲರಿ ಹೂಳುವ ವಿಧಾನವನ್ನು ಪರಿಗಣಿಸಬಹುದು.

5. ಕಾಲ

2006ರ ಜುಲೈ 10ರಂದು ಅಮೆರಿಕದ ಬಾಸ್ಟನ್‌ನಲ್ಲಿ ಸುರಂಗದ ಒಳಚಾವಣಿ ಕಾರೊಂದರ ಮೇಲೆ ಕುಸಿದು ಒಬ್ಬರು ಸತ್ತರು. ಬೇಗ ಗಟ್ಟಿಯಾಗುವ ಎಪಾಕ್ಸಿಯಲ್ಲಿ ನೆಟ್ಟ ಬೋಲ್ಟುಗಳು ತಲೆಮೇಲಿನ ಸತತ ಭಾರಕ್ಕೆ ನಿಧಾನವಾಗಿ ಜಗ್ಗಿ ಹೊರಬಂದಿದ್ದವು. ಅದು ನಾರುಪಟ್ಟಿಯ ಕೆಲಸವಲ್ಲ, ಆದರೂ ಪಾಠ ಅನ್ವಯಿಸುತ್ತದೆ: ಕೆಲ ನಿಮಿಷಗಳ ಪರೀಕ್ಷೆ ವರ್ಷಗಳ ಹೊರೆಗೆ ಸಾಕ್ಷಿಯಲ್ಲ. ಮೊದಲೇ ಬಿಗಿದು ಅಂಟಿಸುವ ಪಟ್ಟಿಯ ತುದಿಗಳಿಗೆ ಲೋಹದ ಹಿಡಿತ ಕೊಡುವುದು ಇದಕ್ಕೇ.

6. ಉಪಸಂಹಾರ

ಅಂಟು ಕೊಳ್ಳುವ ಮುನ್ನ ಎಂಜಿನಿಯರು ಕೇಳಬೇಕಾದ್ದು ಮೂರು: ಮೆದುವಾಗುವ ತಾಪವೆಷ್ಟು, ನೀರಲ್ಲಿ ನೆನೆದ ಮೇಲಿನ ಬಲವೆಷ್ಟು, ಸತತ ಹೊರೆಯಡಿ ಜಗ್ಗುವುದೆಷ್ಟು. ಈ ಮೂರಕ್ಕೂ ಉತ್ತರವಿಲ್ಲದ ಅಂಟು, ಅದರ ಬಲ ಎಷ್ಟೇ ಇರಲಿ, ರಚನೆಗೆ ಸಲ್ಲದು.