ದನದ ಡಾಕ್ಟ್ರು ಮತ್ತು ನಾಯಿಯ ಮಂಡಿ

ಸಕಲೇಶಪುರ, ಆಲೂರು ಕಡೆಯ ಹಳ್ಳಿ, ತೋಟಗಳಲ್ಲಿ ಪಶುವೈದ್ಯರನ್ನು ‘ದನದ ಡಾಕ್ಟ್ರು’ ಎಂದೇ ಕರೆಯುತ್ತಾರೆ. ಹೆಸರು ಸುಮ್ಮನೆ ಬಂದದ್ದಲ್ಲ. ಮೈಸೂರು ಸೀಮೆಯಲ್ಲಿ ಪಶುವೈದ್ಯ ವ್ಯವಸ್ಥೆ ಬೆಳೆದದ್ದೇ ದನಗಳ ದೊಡ್ಡರೋಗಕ್ಕೆ (ರಿಂಡರ್‌ಪೆಸ್ಟ್) ಹೆದರಿ. 1920ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಹುಟ್ಟಿದ್ದು ಅದಕ್ಕಾಗಿಯೇ. 1958ರಲ್ಲಿ ಅಲ್ಲೇ ಪಶುವೈದ್ಯಕೀಯ ಕಾಲೇಜು ಶುರುವಾಗುವವರೆಗೆ ಈ ಓದಿಗೆ ನಮ್ಮ ಹುಡುಗರು ಮದರಾಸಿಗೋ ಮುಂಬಯಿಗೋ ಹೋಗಬೇಕಿತ್ತು. ಉಳುವ ಎತ್ತು, ಕರೆಯುವ ಹಸುವಿನ ಮುಂದೆ ನಾಯಿ, ಬೆಕ್ಕುಗಳ ಸರದಿ ಬರುತ್ತಿದ್ದದ್ದು ಕೊನೆಗೆ. ಕಾಲು ಮುರಿದ ನಾಯಿಗೆ ಸಿಗುತ್ತಿದ್ದದ್ದು ಒಂದೇ ಮಾತು: “ಮೂರ್ ಕಾಲಲ್ಲೂ ಓಡಾಡ್ಕೊಂಡಿರುತ್ತೆ ಬಿಡಿ.”

ಆ ಮಾತು ಅರ್ಧ ನಿಜ. ಮೂರು ಕಾಲಲ್ಲಿ ನಾಯಿ ಓಡಾಡುತ್ತದೆ, ಆದರೆ ನೋವು ನುಂಗಿಕೊಂಡು. ಆ ನೋವನ್ನು ವೈದ್ಯಕೀಯ ಗುರುತಿಸಲು ಕಲಿತ ಬಗೆಯೇ ನಾಯಿ, ಬೆಕ್ಕುಗಳ ಮೂಳೆ, ಕೀಲು ಚಿಕಿತ್ಸೆಯ ಕಥೆ.

ಮೊದಲ ಅಧ್ಯಾಯ ಕಟ್ಟಿನದು. ಮಲೆನಾಡಿನ ನಾಟಿ ವೈದ್ಯರು ಬಿದಿರ ದಬ್ಬೆ ಇಟ್ಟು, ಸೊಪ್ಪಿನ ಲೇಪ ಹಚ್ಚಿ, ಬಟ್ಟೆ ಸುತ್ತಿ ಮೂಳೆ ಕೂಡಿಸುತ್ತಿದ್ದರು. ಯುರೋಪಿನಲ್ಲಿ 1850ರ ದಶಕದ ಆರಂಭಕ್ಕೆ ಡಚ್ ಸೇನಾ ವೈದ್ಯ ಮಾಥಿಸೆನ್ ಬಳಕೆಗೆ ತಂದ ಪ್ಲಾಸ್ಟರ್ ಪಟ್ಟಿಯ ತತ್ವವೂ ಅದೇ: ಅಲುಗದ ಮೂಳೆ ಕೂಡುತ್ತದೆ. ಆದರೆ ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗಬಾರದು. ನಾಯಿಯ ತೊಡೆಮೂಳೆ ಮುರಿದರೆ ಮೇಲಿನ ಕೀಲು ಸೊಂಟ. ಅಲ್ಲಿ ದಬ್ಬೆ ನಿಲ್ಲುವುದಿಲ್ಲ. ಮೇಲಾಗಿ, ಊತ ಏರುವ ಮೊದಲೇ ಬಿಗಿದ ಕಟ್ಟು ರಕ್ತ ತಡೆದು ಪಾದವನ್ನೇ ಕೊಳೆಸಬಹುದು. ಮಲೆನಾಡಿನ ಮಳೆಗಾಲದಲ್ಲಂತೂ ಒದ್ದೆಯಾದ ಕಟ್ಟಿನ ಒಳಗೆ ಹುಣ್ಣಾಗುವುದು ಸಾಮಾನ್ಯ. ಪೊಮೆರೇನಿಯನ್‌ನಂಥ ಪುಟ್ಟ ನಾಯಿ ಮಡಿಲಿಂದ ಜಿಗಿದು ಮುಂಗಾಲಿನ ಮೂಳೆ ಮುರಿದುಕೊಂಡಾಗ ಬರೀ ಕಟ್ಟಿದರೆ ಎಷ್ಟೋ ಸಲ ಅದು ಕೂಡುವುದೇ ಇಲ್ಲ, ಅಲ್ಲಿ ರಕ್ತಸಂಚಾರ ಅಷ್ಟು ಕಡಿಮೆ.

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ ಮೇಲೆ ಮುರಿತ ಕಣ್ಣಿಗೆ ಕಂಡಿತು. ಮುಂದಿನ ಹೆಜ್ಜೆ ಇಟ್ಟವರಲ್ಲಿ ಒಬ್ಬ ಪಶುವೈದ್ಯ. ಅಮೆರಿಕದ ಆಟೋ ಸ್ಟೇಡರ್ 1930ರ ದಶಕದಲ್ಲಿ ನಾಯಿಗಳಿಗಾಗಿ, ಮೂಳೆಗೆ ಪಿನ್ನು ಚುಚ್ಚಿ ಹೊರಗೆ ಸರಳಿನಿಂದ ಬಿಗಿಯುವ ಸಾಧನ ರೂಪಿಸಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಅದನ್ನೇ ಗಾಯಗೊಂಡ ಸೈನಿಕರಿಗೆ ಬಳಸಿತು. ನಾಯಿಗೆ ಕಲಿತದ್ದು ಮನುಷ್ಯನಿಗೆ ಸಂದ ಅಪರೂಪದ ಉದಾಹರಣೆ ಇದು. 1958ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರು ಕಟ್ಟಿದ ಎ.ಓ. ಗುಂಪು ಲೋಹದ ಪಟ್ಟಿ, ಸ್ಕ್ರೂಗಳ ಶಾಸ್ತ್ರವನ್ನು ಒಂದು ಶಿಸ್ತಿಗೆ ತಂದಿತು. 1969ರಲ್ಲಿ ಅದರ ಪಶುವೈದ್ಯ ಶಾಖೆಯೂ ಹುಟ್ಟಿತು.

ಮೂಳೆ ಕೂಡಿಸುವುದು ಒಂದು ವಿದ್ಯೆಯಾದರೆ ಕೀಲು ಉಳಿಸುವುದು ಇನ್ನೊಂದು. ನಾಯಿಯಲ್ಲಿ ಅತಿ ಹೆಚ್ಚು ತಪ್ಪುವ ಕೀಲು ಸೊಂಟದ್ದು. ಹೆದ್ದಾರಿ 75ರಲ್ಲಿ ಗಾಡಿ ಬಡಿದ ನಾಯಿ ಹಿಂಗಾಲನ್ನು ಒಳಕ್ಕೆ ಎಳೆದು ಗಿಡ್ಡ ಮಾಡಿಕೊಂಡು ನಿಂತರೆ, ತೊಡೆಮೂಳೆಯ ಗುಂಡು ಗುಳಿಯಿಂದ ಜಾರಿ ಮೇಲಕ್ಕೆ ಹೋಗಿರುವ ಸಂಭವ ಹೆಚ್ಚು. ಮೊದಲ ಕೆಲವು ದಿನಗಳಲ್ಲಿ ಮಂಪರು ಕೊಟ್ಟು ಕೈಯಿಂದಲೇ ಅದನ್ನು ಕೂರಿಸಬಹುದು. ವಾರ ಕಳೆದರೆ ಸ್ನಾಯು ಬಿಗಿಯುತ್ತದೆ, ಗುಳಿ ತುಂಬಿಕೊಳ್ಳುತ್ತದೆ, ಮತ್ತೆ ಕತ್ತಿಯೇ ಗತಿ. ಹಾಗಾದಾಗ ಗುಂಡನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ 1960ರ ದಶಕದಿಂದ ಬಳಕೆಯಲ್ಲಿದೆ. ಮೂಳೆಯ ಜಾಗದಲ್ಲಿ ಸ್ನಾಯು, ನಾರುಗಳೇ ಸುಳ್ಳು ಕೀಲಾಗಿ ನಿಲ್ಲುತ್ತವೆ. ಹಗುರ ಮೈಯ ನಾಯಿಗೂ ಬೆಕ್ಕಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಭಾರದ ನಾಯಿಗಳಿಗಾಗಿ 1970ರ ದಶಕದಲ್ಲಿ ಅಮೆರಿಕದಲ್ಲಿ ಕೃತಕ ಸೊಂಟ ಜೋಡಿಸುವುದು ಆರಂಭವಾಯಿತು.

ಏಟಿಲ್ಲದೆಯೂ ಸೊಂಟ ಕೆಡುತ್ತದೆ. ವಂಶದಿಂದ ಬರುವ ಸಡಿಲ ಸೊಂಟವನ್ನು (ಹಿಪ್ ಡಿಸ್‌ಪ್ಲೇಸಿಯಾ) 1935ರಲ್ಲಿ ಅಮೆರಿಕದ ಷ್ನೆಲ್ ನಾಯಿಗಳಲ್ಲಿ ಮೊದಲು ವಿವರಿಸಿದರು. 1966ರಿಂದ ಅಲ್ಲಿ ತಂದೆತಾಯಿಗಳ ಸೊಂಟದ ಎಕ್ಸ್‌ರೇ ನೋಡಿ ದಾಖಲಿಸುವ ಪದ್ಧತಿ ಇದೆ. ನಮ್ಮಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿ ಕೊಳ್ಳುವವರು ಬಣ್ಣ ಕೇಳುತ್ತಾರೆ, ಸರ್ಟಿಫಿಕೇಟ್ ಕೇಳುತ್ತಾರೆ. ತಾಯಿಯ ಸೊಂಟ ಕೇಳುವವರು ವಿರಳ.

ಮಂಡಿಯ ಕಥೆ ಹೆಚ್ಚು ಸ್ವಾರಸ್ಯದ್ದು. ಮಂಡಿಯೊಳಗೆ ಅಡ್ಡಡ್ಡ ಹಾಯ್ದ ಕ್ರೂಸಿಯೇಟ್ ನಾರು ಹರಿಯುವುದು ನಾಯಿಗಳು ಹಿಂಗಾಲು ಕುಂಟುವುದಕ್ಕೆ ದೊಡ್ಡ ಕಾರಣ. 1952ರಲ್ಲಿ ಹೆಲ್ಸಿಂಕಿಯ ಪಾಟ್‌ಸಾಮ ತೊಡೆಯ ಪೊರೆಯ ಪಟ್ಟಿಯಿಂದ ಹೊಸ ನಾರು ಹೆಣೆದರು. 1970ರ ಹೊತ್ತಿಗೆ ಕೀಲಿನ ಹೊರಗೆ ಗಟ್ಟಿ ದಾರ ಬಿಗಿಯುವ ವಿಧಾನ ಬಂತು. ಎರಡೂ ಹರಿದ ಹಗ್ಗಕ್ಕೆ ಬದಲಿ ಹಗ್ಗ. ಆದರೆ ಅಮೆರಿಕದ ಬಾರ್ಕ್ಲೇ ಸ್ಲೋಕಮ್ ಹಗ್ಗ ಬಿಟ್ಟು ಮೂಳೆಯ ಇಳಿಜಾರನ್ನು ನೋಡಿದರು. ಶಿರಾಡಿ ಘಾಟಿಯಲ್ಲಿ ಜೀಪೊಂದನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದೇವೆ ಎನ್ನಿ. ಹಗ್ಗ ಹರಿದರೆ ಜೀಪು ಜಾರುತ್ತದೆ; ರಸ್ತೆಯೇ ಮಟ್ಟವಾದರೆ ಹಗ್ಗ ಬೇಕಿಲ್ಲ. ನಾಯಿಯ ಟಿಬಿಯಾ ಮೂಳೆಯ ತಲೆ ಸುಮಾರು 25 ಡಿಗ್ರಿ ಓರೆ ಇರುತ್ತದೆ. ಅದನ್ನು ಬಾಗಿದ ಗರಗಸದಿಂದ ಕೊಯ್ದು, ತಿರುಗಿಸಿ, ಸುಮಾರು 5 ಡಿಗ್ರಿಗೆ ತಂದು ಪಟ್ಟಿ ಬಿಗಿಯುವುದೇ 1993ರಲ್ಲಿ ಸ್ಲೋಕಮ್ ಪ್ರಕಟಿಸಿದ ಟಿ.ಪಿ.ಎಲ್.ಓ. ಆದರೂ ಒಂದು ಮಂಡಿ ಕೆಟ್ಟ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮುಂದೆ ಇನ್ನೊಂದೂ ಕೆಡುತ್ತದೆ. ನಾರು ಒಂದೇ ದಿನ ಹರಿಯುವುದಲ್ಲ, ನಿಧಾನಕ್ಕೆ ಸವೆಯುವುದು.

ಕತ್ತಿಯಷ್ಟೇ ಮುಖ್ಯವಾದ ಪಾಠ ತಟ್ಟೆಯಿಂದ ಬಂತು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತೆಳ್ಳಗಿನವು ಸುಮಾರು 1.8 ವರ್ಷ ಹೆಚ್ಚು ಬದುಕಿದ್ದವು, ಕೀಲುವಾತಕ್ಕೆ ಚಿಕಿತ್ಸೆ ಬೇಕಾದದ್ದೂ ತಡವಾಗಿ. ಪ್ರೀತಿಗೆ ಉಳಿದ ರೊಟ್ಟಿ, ಮಾಂಸದ ಕೊಬ್ಬನ್ನೆಲ್ಲ ಹಾಕುವ ಮನೆಗಳು ಇದನ್ನು ನೆನಪಿಡಬೇಕು.

ಬೆಕ್ಕಿನ ಕೀಲುನೋವು ಇನ್ನೂ ತಡವಾಗಿ ಬೆಳಕಿಗೆ ಬಂತು. ಅದೂ 2002ರ ಮಾತೇ: 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದಾಗ 90ರಲ್ಲಿ ಕೀಲು ಅಥವಾ ಬೆನ್ನುಮೂಳೆ ಸವೆದ ಗುರುತಿತ್ತು. ಬೆಕ್ಕು ಕುಂಟುವುದಕ್ಕಿಂತ ಹೆಚ್ಚಾಗಿ ಜಿಗಿಯುವುದನ್ನು ಬಿಡುತ್ತದೆ. ಅಟ್ಟ ಹತ್ತುತ್ತಿದ್ದ ಬೆಕ್ಕು ಒಲೆ ಪಕ್ಕದಲ್ಲೇ ಮಲಗಿದರೆ ವಯಸ್ಸಾಯಿತು ಅನ್ನುತ್ತೇವೆ.

ಈ ಬೆಟ್ಟಗಳ ನಾಯಿಗೆ ಅಪಾಯಗಳೂ ಬೇರೆ. ಕಾಡುಹಂದಿಗೆಂದು ಕಟ್ಟಿದ ತಂತಿ ಉರುಳು, ಹಂದಿಯ ಕೋರೆ, ಆನೆಗೆ ಬೊಗಳಿ ತಿಂದ ಒದೆ, ತೋಟದ ಪಿಕಪ್ಪಿನ ಚಕ್ರ. ಆದರೆ ಆಸ್ಪತ್ರೆಯ ದೂರ ಕಡಿಮೆಯಾಗಿದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಹಾಸನದ ಕಾಲೇಜು ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್. ಆಲೂರು ನಡುದಾರಿಯಲ್ಲೇ ಇದೆ. ಹೆಬ್ಬಾಳವೇ ಗತಿ ಎಂಬ ಕಾಲ ಹೋಯಿತು. ಈಗ ಎಷ್ಟೋ ಕಾಲು ಕೆಡುವುದು ಮೂಳೆ ಮುರಿದ ಗಳಿಗೆಗೂ ಆಸ್ಪತ್ರೆಗೂ ನಡುವೆ ಕಳೆದುಹೋದ ದಿನಗಳಲ್ಲಿ.

ಆದ್ದರಿಂದ ತೋಟದ ಮನೆಯವರಿಗೂ ಲೈನ್ ಮನೆಯವರಿಗೂ ಇಷ್ಟು ಹೇಳಬೇಕು. ಏಟು ಬಿದ್ದ ನಾಯಿಯನ್ನು ಕಾಲು ಹಿಡಿದು ಎತ್ತಬೇಡಿ; ಹಲಗೆ ಮೇಲೋ ಬಿಗಿ ಹಿಡಿದ ಗೋಣಿಚೀಲದ ಮೇಲೋ ಮಲಗಿಸಿ ಒಯ್ಯಿರಿ. ಮನುಷ್ಯರ ನೋವಿನ ಗುಳಿಗೆ ಕೊಡಲೇಬೇಡಿ. ಒಂದೇ ಒಂದು ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು. ಎರಡು ದಿನವಾದರೂ ಕಾಲು ನೆಲಕ್ಕೂರದಿದ್ದರೆ ಎಕ್ಸ್‌ರೇ ಮಾಡಿಸಿ. ಮೂರನೆಯ ವಾರಕ್ಕೆ ಬಂದ ನಾಯಿಗೆ ಎಂಥ ದನದ ಡಾಕ್ಟ್ರೂ ಮೊದಲನೆಯ ದಿನದ ಕಾಲನ್ನು ವಾಪಸು ಕೊಡಲಾರರು.